ಏರು, ಇಳಿಜಾರು, ನಿಂತಾಗಿನ ನಡವಳಿಕೆ

ಬೋಳಗುಡ್ಡದ ನೆತ್ತಿಯ ಮೇಲಿರುವ ನೀರಿನ ಟ್ಯಾಂಕಿನ ವಾಲ್ವನ್ನು ದಿನಕ್ಕೆ ಎರಡು ಸಲ ತಿರುಗಿಸುವುದು ರಂಗಸ್ವಾಮಿಯ ಕೆಲಸ. ಬೆಳಿಗ್ಗೆ ಬಿಡಬೇಕು, ಸಂಜೆ ಕಟ್ಟಬೇಕು. ತಿರುಗಿಸಲು ಎರಡು ನಿಮಿಷ ಸಾಕು. ಗುಡ್ಡ ಹತ್ತಲು ಮುಕ್ಕಾಲು ಗಂಟೆ, ಇಳಿಯಲು ಅರ್ಧ ಗಂಟೆ. ಹದಿನೇಳು ವರ್ಷದಿಂದ ಊರಿನವರು ಅವನನ್ನು ಕಂಡು ಅಯ್ಯೋ ಪಾಪ ಅನ್ನುತ್ತಿದ್ದುದು ಈ ಹತ್ತಿ ಇಳಿಯುವುದಕ್ಕಾಗಿ. ಅವನು ಆ ಕೆಲಸಕ್ಕೆ ಅಂಟಿಕೊಂಡಿದ್ದುದೂ ಅದಕ್ಕಾಗಿಯೇ. ಇದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ.

ಅವನ ಮನೆಯ ಎಡಕ್ಕೆ ಹೆಂಡತಿ ಆಶಾರಾಣಿ ನಡೆಸುವ ಹಿಟ್ಟಿನ ಗಿರಣಿ, ಬಲಕ್ಕೆ ನಟರಾಜುವಿನ ಮೈಕ್‌ಸೆಟ್ ಅಂಗಡಿ. ಗಿರಣಿ ನಿಂತ ಮೇಲೂ ಆಶಾರಾಣಿ ಅದು ಓಡುತ್ತಿರುವಂತೆಯೇ ಮಾತಾಡುವಳು. ಸಾರಿಗೆ ಉಪ್ಪು ಸಾಲದೇ ಎಂದು ಅವಳು ಗಂಡನನ್ನು ಕೇಳಿದರೆ ಮೂರನೇ ಮನೆಯವರು ಉತ್ತರ ಕೊಟ್ಟದ್ದುಂಟು. ನಟರಾಜುವಿನ ಬಾಯಿ ಎದ್ದಾಗಿನಿಂದ ಮಲಗುವವರೆಗೆ ನಿಲ್ಲುತ್ತಿರಲಿಲ್ಲ. ಕೇಳುವವರು ಸಿಗದಿದ್ದರೆ ಮೈಕಿಗೇ ಹಲೋ ಹಲೋ ಅನ್ನುತ್ತ ಅದರ ಕ್ಷೇಮ ವಿಚಾರಿಸುತ್ತಿದ್ದ. ಇವೆರಡರ ನಡುವೆ ಬದುಕುವ ಮನುಷ್ಯನಿಗೆ ಗುಡ್ಡದ ದಾರಿಯಲ್ಲಿ ದಿನಕ್ಕೆ ಎರಡೂವರೆ ಗಂಟೆ ಯಾರೂ ಇಲ್ಲ, ಯಾವುದೂ ಇಲ್ಲ. ಅರ್ಧ ಗುಡ್ಡ ಹತ್ತಿದ ಮೇಲೆ ತನ್ನ ತಲೆಯೊಳಗಿನ ಮಾತೂ ನಿಲ್ಲುತ್ತದೆ ಎಂಬುದನ್ನು ಅವನು ಬಹಳ ಹಿಂದೆಯೇ ಕಂಡುಕೊಂಡಿದ್ದ.

ಎಡವಟ್ಟಾದದ್ದು ಒಂದು ಸೋಮವಾರ ಬೆಳಿಗ್ಗೆ. ಟ್ಯಾಂಕಿನ ಪಕ್ಕದ ಬಂಡೆಯ ಮೇಲೆ ಕೂತವನು ಕೂತೇಬಿಟ್ಟ. ಹತ್ತು ಗಂಟೆಯವರೆಗೆ ಊರಿಗೆ ನೀರಿಲ್ಲ. ಪಂಚಾಯ್ತಿ ಅಧ್ಯಕ್ಷ ಮನೋಹರ ತಲೆಗೆ ಶಾಂಪೂ ಹಚ್ಚಿಕೊಂಡು, ಕಣ್ಣು ಬಿಡಲಾಗದೆ, ಬಚ್ಚಲುಮನೆಯಿಂದಲೇ ಮೂವರು ಸದಸ್ಯರಿಗೆ ಫೋನು ಮಾಡಿಸಿದ.

"ಏನ್ಲಾ ಮಾಡ್ತಿದ್ದೆ ಅಲ್ಲಿ?" ರಂಗಸ್ವಾಮಿ ಇಳಿದು ಬಂದಾಗ ಮನೋಹರ ಕೇಳಿದ.

"ಕೂತಿದ್ದೆ ಸಾ."

"ಕೂತಿದ್ದು ಸರಿ, ಏನ್ ಮಾಡ್ತಿದ್ದೆ?"

ಬೈದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮನೋಹರ ಒಳ್ಳೆಯ ಮನುಷ್ಯ. ಅವನು ಸುಮ್ಮನೆ ನಿಂತ ರಂಗಸ್ವಾಮಿಯನ್ನು ನೋಡಿ ಮರುಗಿಬಿಟ್ಟ. "ಸುಸ್ತಾಗ್ ಕೂತವ್ನೆ ಕಣ್ರಪ್ಪ. ನಲವತ್ತೆಂಟು ವಯಸ್ಸು. ಈ ಕಾಲದಲ್ಲೂ ಇವ್ನ ನಡಸ್ತಾ ಇದೀವಲ್ಲ, ಮನ್ಸರಾ ನಾವು?"

ಹೀಗೆ ಗುಡ್ಡ ಹತ್ತುವ ಬೈಕೊಂದನ್ನು ಕೊಳ್ಳುವುದೆಂದು ತೀರ್ಮಾನವಾಯಿತು. ಉಳಿಯುವ ಸಮಯದಲ್ಲಿ ರಂಗಸ್ವಾಮಿ ಕಂದಾಯದ ನೋಟೀಸು ಹಂಚಬೇಕು, ಬೀದಿದೀಪ ನೋಡಬೇಕು, ಗ್ರಾಮಸಭೆಗೆ ಮೊದಲು ಊರೂರಿನಲ್ಲಿ ಮೈಕು ಹಿಡಿದು ಕೂಗಬೇಕು. ಕೊನೆಯದನ್ನು ಕೇಳಿ ರಂಗಸ್ವಾಮಿ ಎಷ್ಟು ಹೊತ್ತು ಗೋಡೆ ಹಿಡಿದು ನಿಂತಿದ್ದನೆಂದರೆ, ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದು ಎಲ್ಲರೂ ತಿಳಿದರು.

ಪಂಚಾಯ್ತಿಯ ಪಿಡಿಒ ಸ್ನೇಹಲತಾ ಚನ್ನರಾಯಪಟ್ಟಣದಿಂದ ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ ಬರುವಾಕೆ; ಕಾಗದವಿಲ್ಲದೆ ಕಡ್ಡಿಯನ್ನೂ ಕದಲಿಸುವವಳಲ್ಲ. ಎರಡು ಗಾಡಿಗಳನ್ನು ಗುಡ್ಡದ ಮೇಲೆ ಓಡಿಸಿ, ಹೋಲಿಸಿ, ವಿಷಯ ತಜ್ಞರ ಸಹಿ ಇರುವ ವರದಿ ಇಲ್ಲದೆ ಖರೀದಿ ಆಗುವುದಿಲ್ಲವೆಂದಳು. ಏರು, ಇಳಿಜಾರು, ತಿರುವು, ಸಡಿಲಗಲ್ಲು ಎಂದು ಗೆರೆ ಎಳೆದು ಒಂದು ಪಟ್ಟಿಯನ್ನೂ ಮಾಡಿದಳು.

ವಿಷಯ ತಜ್ಞ ಯಾರು? ಬೋಳಗುಡ್ಡೇನಹಳ್ಳಿಯಲ್ಲಿ ಎರಡು ವಸ್ತುಗಳನ್ನು ಪಕ್ಕಪಕ್ಕ ನಿಲ್ಲಿಸಿ ಹೆಚ್ಚು ಕಡಿಮೆ ಹೇಳುವುದರಲ್ಲಿ ಹೆಸರು ಮಾಡಿದ್ದವರು ಒಬ್ಬರೇ: ಎಪ್ಪತ್ತಾರರ ಪಾಲಾಕ್ಷಪ್ಪ. ಕೊಣನೂರು ಸಂತೆಯಿಂದ ಚನ್ನರಾಯಪಟ್ಟಣದವರೆಗೆ ಐವತ್ತು ವರ್ಷ ಎತ್ತು ನೋಡಿದ ದಲ್ಲಾಳಿ. ಅವರು ಬೇಡವೆಂದ ಎತ್ತನ್ನು ಯಾರೂ ಕೊಂಡದ್ದಿಲ್ಲ. ಪಟ್ಟಿಯನ್ನು ಓದಿಸಿ ಕೇಳಿಸಿಕೊಂಡ ಪಾಲಾಕ್ಷಪ್ಪ, "ನಿಂತಾಗ ಎಂಗಿರ್ತದೆ ಅಂತ್ಲೇ ಇಲ್ವಲ್ಲಮ್ಮಾ. ಅದ ನೋಡ್ದೆ ನಡೆಯೋದ ನೋಡಿ ಏನ್ ಬಂತು?" ಎಂದರು. ಸ್ನೇಹಲತಾ 'ನಿಂತಾಗಿನ ನಡವಳಿಕೆ' ಎಂದು ಇನ್ನೊಂದು ಕಲಂ ಸೇರಿಸಿದಳು.

ಪರೀಕ್ಷೆಯ ದಿನ ಹಾಸನದ ಶೋರೂಮಿನ ದಿಲೀಪ್ ಒಂದು ಪಿಕಪ್ ಗಾಡಿಯಲ್ಲಿ ಎರಡನ್ನೂ ತಂದಿಳಿಸಿದ. ಒಂದು ಕೆಂಪು, ಒಂದು ಹಸಿರು. ಎರಡಕ್ಕೂ ಉದ್ದನೆಯ ಕಾಲು, ತೆಳ್ಳನೆಯ ಮೈ, ಹಲ್ಲುಹಲ್ಲಾದ ಟಯರು. ಹಸಿರಿನ ಸೀಟು ರಂಗಸ್ವಾಮಿಯ ಸೊಂಟಕ್ಕಿಂತ ಮೇಲಿತ್ತು. ಗುಡ್ಡದ ಬುಡದಲ್ಲಿ ಊರೇ ನೆರೆದಿತ್ತು. ಪಾಲಾಕ್ಷಪ್ಪ ಎರಡನ್ನೂ ಮೂಡಲಿಗೆ ಮುಖ ಮಾಡಿ ನಿಲ್ಲಿಸಿದರು.

ಮೊದಲು ಸುತ್ತು ಬಂದರು. ಆಮೇಲೆ ಸೀಟಿನ ಮೇಲೆ ಅಂಗೈ ಆಡಿಸಿ, ಎತ್ತಿನ ಮೈಯಲ್ಲಿ ನೋಡುವಂತೆ ಕೂದಲ ಸುಳಿ ಹುಡುಕಿದರು. ಹಸಿರಿನ ಟ್ಯಾಂಕಿನ ಮೇಲೆ ಸುರುಳಿ ಸುರುಳಿಯಾದ ಸ್ಟಿಕ್ಕರೊಂದು ಸಿಕ್ಕಿತು.

"ಇದು ಹುಟ್ಟಿದ್ದಾ, ಹಚ್ಚಿದ್ದಾ?"

"ಹಚ್ಚಿದ್ದು ಸಾ, ಸ್ಟಿಕ್ಕರ್."

"ಕೀಳು. ಆ ಜಾಗದಲ್ಲಿ ಸುಳಿ ಇದ್ರೆ ಸಾಕ್ದೋರ್ಗೆ ಆಗಲ್ಲ."

ದಿಲೀಪ್ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಕೀಳು ಎಂದು ಕಣ್ಣಲ್ಲೇ ಹೇಳಿದರು. ಅವನು ಉಗುರಿನಿಂದ ಕೆರೆದು ಕಿತ್ತ.

ಪಾಲಾಕ್ಷಪ್ಪ ಕೆಂಪಿನ ಹ್ಯಾಂಡಲ್ಲಿನ ಮೇಲೆ ಎರಡೂ ಕೈ ಊರಿ ಒತ್ತಿದರು. ಅದು ಮೆಲ್ಲಗೆ ಬಗ್ಗಿ ಮೆಲ್ಲಗೆ ಎದ್ದಿತು. "ಮುಂಗಾಲು ಮೆತ್ತಗೈತೆ. ನಿಧಾನಕ್ಕೆ ಬುಟ್ರೆ ಎಳೆಮಗೀನ ಎತ್ಕಂಡಂಗೆ ಕರ್ಕಂಡ್ ಓಯ್ತದೆ. ಓಡುಸ್ದ್ಯೋ, ಎದೆ ನೆಲಕ್ಕೆ ಬಡೀತದೆ." ಹಸಿರನ್ನು ಒತ್ತಿದರು. ಅದು ಬಗ್ಗಲೇ ಇಲ್ಲ. "ಇದ್ಕೆ ನಿಧಾನ ಅಂದ್ರೆ ಆಗಕಿಲ್ಲ. ಓಡಿದ್ರೇನೇ ಇದು ಸುಮ್ನಿರೋದು. ನಿಲ್ಲುಸ್ದ್ರೆ ಒದೀತದೆ."

ದಿಲೀಪ್ ಶೋರೂಮಿನಿಂದ ತಂದ ಇಂಗ್ಲಿಷ್ ಕಾಗದವನ್ನು ನೋಡಿದ, ಪಾಲಾಕ್ಷಪ್ಪನವರನ್ನು ನೋಡಿದ, ಮತ್ತೆ ಕಾಗದ ನೋಡಿದ. "ಇದೇ ಬರ್ದಿರೋದು ಸಾ ಇಲ್ಲಿ," ಎಂದ ಸಣ್ಣ ದನಿಯಲ್ಲಿ. "ಇವ್ರಿಗೆ ಯಾರ್ ಹೇಳಿದ್ರು?"

ರಂಗಸ್ವಾಮಿ ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದ. ಎರಡನ್ನೂ ಬೀಳಿಸಬೇಕು. ಅರ್ಧ ದಾರಿಯಲ್ಲಿ ಜಾರುಬಂಡೆ ಇದೆ, ಆಚೆಗೆ ಮೂರು ಕಡಿದಾದ ತಿರುವು, ಅದರಾಚೆ ಕಾಲಿಟ್ಟರೆ ಉರುಳುವ ಸಡಿಲಗಲ್ಲು. ಅಲ್ಲೆಲ್ಲೋ ಒಂದು ಕಡೆ ಎರಡೂ ಮಗುಚಿಕೊಂಡರೆ, ಬೋಳಗುಡ್ಡಕ್ಕೆ ಬೈಕು ಆಗದೆಂದು ವರದಿಯಾಗುತ್ತದೆ. ಮೈಕೈ ಸ್ವಲ್ಪ ತರಚಬಹುದು. ತರಚಲಿ.

"ಕೂತ್ಕೊಂಡ್ ಓಡಿಸ್ಬೇಡಿ ಸಾ," ದಿಲೀಪ್ ಹೇಳಿಕೊಟ್ಟ. "ಫುಟ್‌ರೆಸ್ಟ್ ಮೇಲೆ ಎದ್ ನಿಂತ್ಕೊಳಿ. ಮೊಣಕಾಲಲ್ಲಿ ಟ್ಯಾಂಕ್ ಅವಚ್ಕೊಳಿ. ಏರಲ್ಲಿ ಮುಂದಕ್ಕೆ ಬಾಗಿ, ಇಳಿಜಾರಲ್ಲಿ ಹಿಂದಕ್ಕೆ ಸರೀರಿ."

"ನಿಂತ್ಕಂಡೇ ಓಡ್ಸಕೆ ಸೀಟ್ ಯಾಕ್ಲಾ ಮಡಗವ್ರೆ?" ಎಂದು ಕೇಳಿದ್ದು ನಟರಾಜು. ಎಲ್ಲರೂ ನಕ್ಕರು.

ಮೊದಲು ಕೆಂಪು. ನಟರಾಜುವಿನ ಬೈಕನ್ನು ಆಗೀಗ ಓಡಿಸಿದ್ದ ರಂಗಸ್ವಾಮಿ ಎರಡೂ ಕಾಲು ನೆಲಕ್ಕೂರಿ ಕೂತ, ಎರಡನೇ ಗೇರಿಗೆ ಹಾಕಿ ಬಿಟ್ಟ. ಅದು ಗುಡುಗುಡು ಎನ್ನುತ್ತ, ಏನನ್ನೋ ಯೋಚಿಸುತ್ತ ನಡೆಯುವವರಂತೆ ಏರತೊಡಗಿತು. ಜಾರುಬಂಡೆ ಬಂತು. ಅವನು ಬೇಕೆಂದೇ ಆಕ್ಸಿಲರೇಟರ್ ಬಿಟ್ಟ. ಎಂಜಿನ್ನು ಆರಲಿಲ್ಲ, ಹಿಂದಿನ ಚಕ್ರ ಒಂದು ಗೇಣು ಜಾರಿ, ಹಿಡಿತ ಸಿಕ್ಕಿ, ತಾನೇ ಮೇಲಕ್ಕೆ ಹೋಯಿತು. ತಿರುವಿನಲ್ಲಿ ಹ್ಯಾಂಡಲ್ಲನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸಿದ. ಅದು ಅಷ್ಟೂ ತಿರುಗಿ, ಬೇರೆ ದಾರಿಯೇ ಒಳ್ಳೆಯದೆನ್ನುವಂತೆ ಆ ಕಡೆಯಿಂದಲೇ ಹತ್ತಿತು. ಸಡಿಲಗಲ್ಲಿನಲ್ಲಿ ಜೋರು ಮಾಡಿದಾಗ ಮಾತ್ರ ಮುಂದಿನ ಚಕ್ರ ಅದುರಿ, ಒಂದು ಗುಂಡಿಯಲ್ಲಿ ತಳ ಠಪ್ಪೆಂದು ನೆಲಕ್ಕೆ ಬಡಿಯಿತು. ಬೀಳಲಿಲ್ಲ. ಒಂಬತ್ತು ನಿಮಿಷಕ್ಕೆ ಟ್ಯಾಂಕಿನ ಬುಡದಲ್ಲಿದ್ದ.

ಕೀಲಿ ತಿರುಗಿಸಿದ. ಸದ್ದು ನಿಂತಿತು. ಬಿಸಿಯಾದ ಎಂಜಿನ್ನು ಟಿಕ್, ಟಿಕ್ ಎಂದಿತು, ಆಮೇಲೆ ಅದೂ ಇಲ್ಲ. ಗುಡ್ಡದ ಮೌನ ಒಂದು ನಿಮಿಷದೊಳಗೆ ಬಂದು ಪಕ್ಕದಲ್ಲಿ ಕೂತಿತು. ರಂಗಸ್ವಾಮಿಗೆ ಗಾಬರಿಯಾಯಿತು. ಇದು ಇಷ್ಟು ಬೇಗ ಬರಬಾರದಿತ್ತು.

ಇಳಿಯುವಾಗ ಅವನು ಎಂಜಿನ್ನನ್ನು ಶುರು ಮಾಡಲೇ ಇಲ್ಲ. ಬ್ರೇಕಿನ ಮೇಲೆ ಬೆರಳಿಟ್ಟು ಹಾಗೇ ಬಿಟ್ಟ. ಚೈನಿನ ಸಣ್ಣ ಸರಸರ, ಕಿವಿಯ ಪಕ್ಕ ಗಾಳಿ. ಹದಿನೇಳು ವರ್ಷ ನಡೆದ ದಾರಿ ಸದ್ದಿಲ್ಲದೆ ಅವನ ಕೆಳಗೆ ಹರಿದುಹೋಯಿತು. ಕೆಳಗೆ ಮುಟ್ಟಿದಾಗ ಅವನ ಕಣ್ಣಲ್ಲಿ ನೀರಿತ್ತು. ಗಾಳಿಗೆ ಎಂದು ಹೇಳಿದ.

"ಆಫ್ ಮಾಡ್ಕೊಂಡ್ ಬಂದ್ರೆ ಟೆಸ್ಟ್ ಎಂಗಾಗುತ್ತೆ ಸಾ?" ದಿಲೀಪ್ ರೇಗಿದ. ಸ್ನೇಹಲತಾ ತಡಬಡಾಯಿಸಿ, ಇದು ಇಳಿಜಾರಿನ ಕಲಮಿಗೋ ನಿಂತಾಗಿನ ನಡವಳಿಕೆಗೋ ಎಂದು ಕೇಳಿದಳು. ಪಾಲಾಕ್ಷಪ್ಪ ಎರಡಕ್ಕೂ ಬರೆಸಿದರು.

ಆಮೇಲೆ ಹಸಿರು. ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ಎಟುಕುತ್ತಿತ್ತು. ಕಿಕ್ಕಿಗೆ ಅದು ಕಿರುಚಿದ ರಭಸಕ್ಕೆ ಗುಡ್ಡದ ಕೊಕ್ಕರೆಗಳೆಲ್ಲ ಎದ್ದು ಕೊಣನೂರಿನ ಹೊಳೆಯ ಕಡೆಗೆ ಹೋದವು. ಆಕ್ಸಿಲರೇಟರನ್ನು ಮುಟ್ಟಿದ್ದೇ ತಡ, ಮುಂದಿನ ಚಕ್ರ ಆಕಾಶ ನೋಡಿತು. ಬೀಳಬೇಕೆಂದು ಬಂದ ರಂಗಸ್ವಾಮಿ ಜೀವ ಕೈಯಲ್ಲಿ ಹಿಡಿದು ಹ್ಯಾಂಡಲ್ಲಿನ ಮೇಲೆ ಬಾಗಿದ. ಜಾರುಬಂಡೆ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ತಿರುವಿನಲ್ಲಿ ನಿಧಾನ ಮಾಡಿದರೆ ಅದು ಕೆಮ್ಮಿ ಆರಿತು. ಮತ್ತೆ ಒದ್ದು, ಕ್ಲಚ್ಚನ್ನು ಅರ್ಧ ಹಿಡಿದು, ಅಗಲಕ್ಕೆ ಸುತ್ತಿ ಬರಬೇಕಾಯಿತು. ಆದರೆ ಸಡಿಲಗಲ್ಲಿನಲ್ಲಿ, ಕೆಂಪು ಎಲ್ಲಿ ಅದುರಿತ್ತೋ ಅಲ್ಲಿ, ಇದು ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ಜೋರಾದಷ್ಟೂ ಅದರ ಮೈ ಶಾಂತವಾಗುತ್ತಿತ್ತು. ಆರು ನಿಮಿಷ.

ಮೇಲೆ ಆರಿಸಿದ. ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲಲಿಲ್ಲ. ಬಂಡೆಯ ಮೇಲೆ ಕೂತು ಕಾದ. ಹತ್ತು ನಿಮಿಷವಾದರೂ ತನ್ನ ತಲೆಯೊಳಗೆ ಹಿಟ್ಟಿನ ಗಿರಣಿ ಓಡುತ್ತಲೇ ಇತ್ತು. ಕೆಳಗಿನಿಂದ ನಟರಾಜು ಕೂಗುವುದು ಕೇಳಿಸಿತೋ ಇಲ್ಲವೋ, ಎದ್ದು ಇಳಿದ.

ಎರಡೂ ಬಿದ್ದಿರಲಿಲ್ಲ. ಈಗ ಪಾಲಾಕ್ಷಪ್ಪ ತೀರ್ಪು ಹೇಳಬೇಕಿತ್ತು. ಅವರು ಹೆಗಲ ಟವಲ್ಲು ತೆಗೆದು, "ಓಡಿಸ್ದೋನ್ನ ಕೇಳ್ಬೇಕಲ್ಲಪ್ಪ. ಬಾ ಮಗ, ಕೈ ಕೊಡು," ಎಂದರು. ಸಂತೆಯಲ್ಲಿ ಎತ್ತಿನ ವ್ಯಾಪಾರವೆಲ್ಲ ಟವಲ್ಲಿನ ಅಡಿಯಲ್ಲೇ ನಡೆಯುವುದು. ಬೆರಳು ಹಿಡಿದು ಹೇಳುವ ಮಾತು ಆ ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ತಿಳಿಯದು. "ಒಂದು ಬೆರಳು ಇಡುದ್ರೆ ಕೆಂಪು, ಎರಡು ಇಡುದ್ರೆ ಹಸುರು. ಬಾಯಲ್ಲಿ ಏನೂ ಬ್ಯಾಡ."

ಟವಲ್ಲಿನ ಕೆಳಗೆ ಮುದುಕರ ಕೈ ಬೆಚ್ಚಗೆ, ಒಣಗಿದ ತೊಗಲಿನಂತಿತ್ತು. ರಂಗಸ್ವಾಮಿ ತನ್ನ ಕೈಯನ್ನು ಅದರೊಳಗಿಟ್ಟ. ಯಾವ ಬೆರಳನ್ನೂ ಹಿಡಿಯಲಿಲ್ಲ. ಕೆಂಪು ಅಂದರೆ ಕೆಂಪು ಬರುತ್ತದೆ. ಅದರ ಹಿಂದೆಯೇ ನೋಟೀಸು ಬರುತ್ತದೆ, ಮೈಕು ಬರುತ್ತದೆ. ಕೆಂಪು ಬೇಡವೆನ್ನಲೂ ಬೆರಳು ಒಪ್ಪುತ್ತಿಲ್ಲ. ಮುದುಕರು ಕಾದರು. ಐದು ನಿಮಿಷವಾಯಿತು. ಯಾರೋ ಟೀ ತಂದು ಹಂಚಿದರು. ಸ್ನೇಹಲತಾ ನಡಾವಳಿಯಲ್ಲಿ 'ಟವಲ್ಲಿನ ಅಡಿಯಲ್ಲಿ ಚರ್ಚೆ ಮುಂದುವರಿದಿದೆ' ಎಂದು ಬರೆದಳು. ಹತ್ತು ನಿಮಿಷವಾಯಿತು. ರಂಗಸ್ವಾಮಿಗೆ, ಇನ್ನೊಬ್ಬ ಮನುಷ್ಯನ ಜೊತೆ ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು ಅನ್ನಿಸಿತು.

ಪಾಲಾಕ್ಷಪ್ಪ ಟವಲ್ಲು ಕೊಡವಿ ಎದ್ದರು.

"ಇವು ಜೋಡಿ ಆಗಕಿಲ್ಲ."

"ಯಾವು?" ಎಂದ ಮನೋಹರ.

"ಇವೆರಡೇ. ಒಂದು ಕುಳ್ಳು, ಒಂದು ಎತ್ತರ. ಒಂದು ನಿಧಾನಸ್ತ, ಒಂದು ದುಡುಕ. ಒಂದ್ ನೊಗಕ್ಕೆ ಕಟ್ಟಿದ್ರೆ ಒಂದ್ಕೊಂದು ಕತ್ತು ಮುರ್ಕತವೆ. ಎರಡನ್ನೂ ತಗಬ್ಯಾಡಿ."

"ಅಯ್ಯೋ ಪಾಲಾಕ್ಷಪ್ಪಾರೆ, ಜೋಡಿ ಬ್ಯಾಡ. ನಾವು ತಗಳದು ಒಂದೇಯ!"

ಮುದುಕರ ಮುಖ ಕಪ್ಪಿಟ್ಟಿತು. ಬೆಳಿಗ್ಗೆಯಿಂದ ಅವರು ನೋಡುತ್ತಿದ್ದುದು ಜೋಡಿಯನ್ನೇ. ಐವತ್ತು ವರ್ಷದಲ್ಲಿ ಒಂದನ್ನು ಮಾತ್ರ ಕೊಳ್ಳುತ್ತೇವೆಂದು ಅವರನ್ನು ಯಾರೂ ಕರೆದಿರಲಿಲ್ಲ. "ಒಂದೇಯಾ? ಒಂದನ್ನೇ ಕಟ್ಟಿ ಆ ಏರಿಗೆ ಅಟ್ತೀರಾ? ನೀವು ಮನ್ಸರಾ?" ಮನೋಹರನಿಗೆ ಆ ಮಾತು ನಾಟಿತು. ಮುದುಕರು ರಂಗಸ್ವಾಮಿಯ ಕಡೆ ಕೋಲು ತೋರಿಸಿದರು. "ಇವ್ನ ಕೈ ನೋಡ್ದೆ. ಹತ್ತು ನಿಮಿಸ ಒಂದ್ ಬೆರಳೂ ಅಲ್ಲಾಡ್ನಿಲ್ಲ. ಒಂಟಿಯಾಗಿ ದುಡ್ದೂ ದುಡ್ದೂ ಹಿಂಗಾಗವ್ನೆ. ಗಾಡಿ ಒಂದಾದ್ರೆ ಆಳಾದ್ರೂ ಎರಡಾಗ್ಲಿ. ಇವ್ನಿಗೊಂದು ಜೋಡಿ ನೋಡಿ. ಆಗ ಸಹಿ ಹಾಕ್ತೀನಿ."

ಯಾರಿಗೂ ಇದು ವಿಚಿತ್ರವೆನ್ನಿಸಲಿಲ್ಲ. ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ರಂಗಸ್ವಾಮಿಯ ಪಕ್ಕದಲ್ಲಿ ಒಬ್ಬೊಬ್ಬರನ್ನೇ ನಡೆಸಿ ನೋಡಲಾಯಿತು. ಎತ್ತರ, ಹೆಗಲು, ಹೆಜ್ಜೆ ಎಲ್ಲ ಸರಿಹೊಂದಿದ್ದು ನಟರಾಜು ಒಬ್ಬನದೇ. ಅವನು ಬೆಳಿಗ್ಗೆ ಸಂಜೆ ಬರಲು ಸಿದ್ಧನೆಂದ. ಮಾತ್ರವಲ್ಲ, ಆಗಲೇ ಹೇಳತೊಡಗಿದ:

"ಹಿಂದ್ಗಡೆ ಕೂತ್ಕತೀನಿ ಕಣಣ್ಣ, ದಾರಿಗೊಂದ್ ಮಾತು. ನಿಂಗೆ ಬ್ಯಾಸ್ರ ಅನ್ನೋದೇ ಇರದಂಗ್ ಮಾಡ್ತೀನಿ. ಮೇಲ್ಗಡೆ ಒಂದ್ ಸಣ್ಣ ಸ್ಪೀಕರ್ ಮಡಗನ, ಏನಂತೀಯ?"

"ಕೆಂಪಾದ್ರೆ ಇಬ್ರೂ ಆರಾಮಾಗ್ ಹೋಗ್ಬೋದು ಸಾ," ದಿಲೀಪ್ ತೋರಿಸಿದ. ಕೆಂಪಿನ ಹಿಂಬದಿಯಲ್ಲಿ ಮಡಚಿದ್ದ ಎರಡು ಫುಟ್‌ರೆಸ್ಟುಗಳನ್ನು ಕಾಲಿನಿಂದ ಬಿಡಿಸಿದ. ಸ್ನೇಹಲತಾ 'ಕೆಂಪು' ಎಂದು ಬರೆಯಲು ಪೆನ್ನು ಊರಿದಳು.

ರಂಗಸ್ವಾಮಿ ಹಸಿರಿನ ಹಿಂಬದಿಯನ್ನು ನೋಡಿದ. ಅಲ್ಲಿ ಕಾಲಿಡಲು ಏನೂ ಇರಲಿಲ್ಲ. ಸೀಟು ಒಬ್ಬನಿಗೇ ಮುಗಿದು, ಆಚೆಗೆ ಬರೀ ಮಡ್‌ಗಾರ್ಡು.

"ಹಸುರು," ಎಂದ.

ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. ಎಲ್ಲರೂ ತಿರುಗಿದರು.

"ಏನ್ಲಾ ಅಂಗಂದ್ರೆ? ಅದು ನಿನ್ ಕೆಡವ್ತಿತ್ತಲ್ಲ!" ಎಂದ ಮನೋಹರ.

"ಇಲ್ಲ ಸಾ. ಕೆಂಪು ಒಳ್ಳೇದು, ನಾನು ಇಲ್ಲ ಅನ್ನಕಿಲ್ಲ. ನಿಧಾನಕ್ಕೆ ಓಗೋನಿಗೆ ಅದರಂಥದ್ದಿಲ್ಲ. ಜಾರುಬಂಡೇಲಿ ಕೈ ಬುಟ್ರೂ ಅದೇ ಹತ್ತುತದೆ. ತಿರುವಲ್ಲಿ ಹೇಳ್ದಂಗ್ ಕೇಳ್ತದೆ. ಆದ್ರೆ ತೂಕ ಜಾಸ್ತಿ, ಶಾಕಬ್ಸರ್ ಮೆತ್ತಗೆ. ಕಲ್ಲಲ್ಲಿ ಒಬ್ನೇ ಓಗಿದ್ಕೇ ತಳ ಬಡೀತು, ಇಬ್ರು ಕೂತ್ರೆ ಚಾಸಿನೇ ಬಿರಿತದೆ. ಹಸುರು ಅಂಗಲ್ಲ. ಅದು ಮೊದ್ಲು ಹೆದರುಸ್ತದೆ, ಸರಿ. ತಿರುವಲ್ಲಿ ಆರೋಯ್ತದೆ, ಕ್ಲಚ್ ಹಿಡ್ದು ಆಡುಸ್ಬೇಕು, ಅಗಲ ತಗಬೇಕು. ಆದ್ರೆ ಕಲ್ ಬಂದಾಗ ಅದು ಕಲ್ನ ನೋಡೋದೇ ಇಲ್ಲ. ಎದ್ ನಿಂತ್ಕಂಡು ಕಾಲು ಸಡ್ಲ ಬುಟ್ರೆ ಗಾಡಿ ಕೆಳಗೆ ಕುಣೀತಿರ್ತದೆ, ಮೈ ಅಲ್ಲಾಡಕಿಲ್ಲ. ಆರು ನಿಮಿಸ ಸಾ. ನಿಮಗೆ ಶಾಂಪೂ ಒಣಗಕಿಲ್ಲ."

ಊರು ಬಾಯಿ ಬಿಟ್ಟುಕೊಂಡು ಕೇಳಿತು. ಹದಿನೇಳು ವರ್ಷದಲ್ಲಿ ರಂಗಸ್ವಾಮಿ ಆಡಿದ್ದೆಲ್ಲವನ್ನೂ ಸೇರಿಸಿದರೂ ಇಷ್ಟಾಗುತ್ತಿರಲಿಲ್ಲ. ದಿಲೀಪ್ ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಳ್ಳಲು ಮರೆತೆನೆಂದು ಹಣೆ ಬಡಿದುಕೊಂಡ. ಹೆಂಡತಿ ಆಶಾರಾಣಿ ಮೊದಲ ಸಲ ಪಿಸುದನಿಯಲ್ಲಿ, "ಇವ್ರಿಗೆ ಏನಾಯ್ತು?" ಎಂದು ಪಕ್ಕದವಳನ್ನು ಕೇಳಿದಳು.

"ಹಸಿರಿಗೆ ರಸ್ತೆ ನೋಂದಣಿ ಇದೆಯಾ?" ಸ್ನೇಹಲತಾ ಕೇಳಿದಳು.

"ಇಲ್ಲ ಮೇಡಂ," ದಿಲೀಪ್ ತಲೆ ಕೆರೆದುಕೊಂಡ. "ಅದು ಕಾಡು ಗುಡ್ಡಕ್ಕೆ ಮಾತ್ರ. ರಸ್ತೆಗಿಳಿಸೋ ಹಂಗಿಲ್ಲ."

"ಹಾಗಾದರೆ ಅದರಲ್ಲಿ ನೋಟೀಸು ಹಂಚಲಿಕ್ಕಾಗುವುದಿಲ್ಲ."

"ಅಯ್ಯೋ ಹೌದಾ ಮೇಡಂ," ಎಂದ ರಂಗಸ್ವಾಮಿ. ಇದು ಅವನಿಗೆ ತಿಳಿದಿರಲಿಲ್ಲ. ಕೇಳಿದಾಗ ಅರಳಿದ ಮುಖವನ್ನು ಎಲ್ಲಿಡಬೇಕೆಂದು ತೋಚದೆ ಪಾಲಾಕ್ಷಪ್ಪನವರ ಕಡೆ ನೋಡಿದ. ಮುದುಕರು ಹಸಿರಿನ ಹಿಂಬದಿಯನ್ನು ನೋಡುತ್ತಿದ್ದರು. ಅಲ್ಲಿ ಕಾಲಿಡುವ ಜಾಗವನ್ನು ಕೋಲಿನಿಂದ ಒಮ್ಮೆ ತಡಕಿದರು. ಏನೂ ಸಿಗಲಿಲ್ಲ. "ಹಸುರೇ ಆಗ್ಲಿ," ಎಂದು ಸಹಿ ಹಾಕಿದರು.

"ಮತ್ತೆ ನಾನೆಲ್ಲಿ ಕೂರದು?" ನಟರಾಜು ಕೇಳಿದ.

"ಜೋಡಿ ಅಂದ್ಮೇಲೆ ಜೋಡಿ," ಎಂದ ಮನೋಹರ. "ನೀನು ನಡ್ಕಂಡ್ ಓಗು."

ಹಸಿರು ಬೈಕನ್ನು ಗುಡ್ಡದ ಬುಡದಲ್ಲಿ ಒಂದು ಶೀಟಿನ ಕೆಳಗೆ ಕಟ್ಟಿದರು. ಮೊದಲ ದಿನ ರಂಗಸ್ವಾಮಿ ಆರು ನಿಮಿಷಕ್ಕೆ ಮೇಲಿದ್ದ. ವಾಲ್ವು ಬಿಟ್ಟು, ಬಂಡೆಯ ಮೇಲೆ ಕೂತು, ಕಿವಿಯ ಗುಂಯ್ ಇಳಿಯಲಿ ಎಂದು ಕಾದ. ಇಪ್ಪತ್ತೈದು ನಿಮಿಷವಾದ ಮೇಲೆ ಇಳಿಯಿತು. ಇನ್ನು ನಟರಾಜು ಬರಲು ಎಷ್ಟು ಹೊತ್ತಿದೆ ಎಂದು ಲೆಕ್ಕ ಹಾಕುವುದರಲ್ಲಿ ಉಳಿದದ್ದು ಕಳೆಯಿತು. ಕೆಳಗಿನ ದಾರಿಯಲ್ಲಿ ಅವನ ಮಾತು ಎಲ್ಲಿಂದ ಕೇಳಿಸಲು ಶುರುವಾಗುತ್ತದೋ ಎಂದು ಕಿವಿಗೊಟ್ಟು ಕೂತ.

ಏನೂ ಕೇಳಿಸಲಿಲ್ಲ. ನಟರಾಜು ಒಮ್ಮೆಲೇ ಬಂಡೆಯ ಪಕ್ಕದಲ್ಲಿ ಕಾಣಿಸಿಕೊಂಡ. ಮುಖ ಬೆವೆತಿತ್ತು. ಬಂದವನು ಏನೂ ಅನ್ನದೆ ಕೂತ. ರಂಗಸ್ವಾಮಿ ಕಾದ. ಅವನು ಆಡಲಿಲ್ಲ. ಎರಡನೇ ದಿನವೂ ಆಡಲಿಲ್ಲ. ನಾಲ್ಕನೇ ದಿನ ಎದ್ದು ಹೊರಡುವಾಗ ನಟರಾಜು ನಿಂತು, ಚಪ್ಪಲಿಯಿಂದ ಮಣ್ಣು ಕೆದಕಿದ.

"ಅಣ್ಣ."

"ಊಂ."

"ನಾಳಿಕೂ ನೀನು ಗಾಡೀಲೇ ಬತ್ತೀಯ ತಾನೆ? ನಡ್ಯಾಕೆ ಬರಕಿಲ್ವಲ್ಲ ನನ್ ಜೊತೆ?"

ರಂಗಸ್ವಾಮಿ ಅವನ ಮುಖ ನೋಡಿದ. ಆ ಮುಖದಲ್ಲಿದ್ದ ಭಯವನ್ನು ಅವನು ಚೆನ್ನಾಗಿ ಬಲ್ಲ.

"ಇಲ್ಲ ಕಣ. ಗಾಡೀಲೇ ಬತ್ತೀನಿ."

ನಟರಾಜು ತಲೆಯಾಡಿಸಿದ. ಆಮೇಲೆ ಸಂಕೋಚದಿಂದ, "ಅಂಗಾರೆ ನಾನು ತಿರುವು ದಾಟೋಗಂಟ ಸ್ವಲ್ಪ ತಡ್ದು ಸ್ಟಾರ್ಟ್ ಮಾಡಣ್ಣ," ಎಂದು ಹೇಳಿ, ಹಿಂದೆ ನೋಡದೆ ಇಳಿದು ಹೋದ.